ಅವ್ವನ ಎಲುಬು, ನನ್ನ ಗಾದಿ

ನಮ್ಮ ಅಂಗಡಿಯ ತಗಡಿನ ಮಾಡಿಗೆ ಅಲ್ಲಲ್ಲಿ ಮೊಳೆ ಕಿತ್ತ ತೂತುಗಳಿವೆ. ಬೆಳಗಿನ ಬಿಸಿಲು ಏರಿದಂತೆ ಆ ತೂತುಗಳಿಂದ ಬೆಳಕು ಕೋಲು ಕೋಲಾಗಿ ಒಳಗಿಳಿಯುತ್ತದೆ. ಅರಳೆ ಹಿಂಜುವ ಯಂತ್ರ ಶುರು ಮಾಡಿದೊಡನೆ ಸಣ್ಣ ಎಳೆಗಳು ಎದ್ದು ಆ ಕೋಲುಗಳೊಳಗೆ ತೇಲತೊಡಗುತ್ತವೆ. ಹೊಸ ಹತ್ತಿಯಾದರೆ ಎಳೆ ಉದ್ದ. ಮೇಲೇರುತ್ತದೆ, ತಿರುಗುತ್ತದೆ, ಇಳಿಯಲು ಮನಸ್ಸಿಲ್ಲದ ಹಾಗೆ ಅಲ್ಲೇ ಸುಳಿಯುತ್ತದೆ. ಹಳೆಯ ಗಾದಿಯ ಅರಳೆಯಾದರೆ ಎಳೆ ಮುರಿದು ಬೂದಿಯಂತೆ ಕೆಳಗೆ ಬೀಳುತ್ತದೆ. ಯಂತ್ರದ ಬಾಯಿಗೆ ಏನು ಹೋಗಿದೆ ಎಂದು ನಾನು ಎದ್ದು ಹೋಗಿ ನೋಡಬೇಕಾಗಿಲ್ಲ. ಗಾಳಿಯನ್ನು ನೋಡಿದರೆ ಸಾಕು.

ಕುಷ್ಟಗಿಯಲ್ಲಿ ಗಾದಿ ಮಾಡುವವನು ನಾನು. ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು ಅಪ್ಪನ ಜೊತೆ ಬಿಲ್ಲು ಹಿಡಿದೆ. ಆಗ ಯಂತ್ರವಿರಲಿಲ್ಲ. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ಕುರಿಯ ಕರುಳಿನ ಹುರಿ, ಆ ಹುರಿಗೆ ಬಡಿಯುವ ಮರದ ಗುಂಡು. ಆ ಸದ್ದಿಗೆ ಹತ್ತಿ ಮೋಡವಾಗುತ್ತಿತ್ತು. ಬಿಲ್ಲು ಈಗಲೂ ಅಂಗಡಿಯ ಗೋಡೆಯ ಮೇಲಿದೆ. ಕೊಪ್ಪಳದಿಂದ ಗಂಗಾವತಿಯವರೆಗೆ ಎಷ್ಟೋ ಮದುವೆ ಮನೆಗಳಿಗೆ ನನ್ನ ಗಾದಿ ಹೋಗಿವೆ. ಫೋಮು ಬಂತು, ಸ್ಪ್ರಿಂಗು ಬಂತು, ನನ್ನ ಕೈಗೆ ಕೆಲಸ ತಪ್ಪಲಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ದುಡಿದವನಿಗೆ ಅಷ್ಟಾದರೂ ಇರಲಿ.

ಅವ್ವ ಯಲಬುರ್ಗಾ ಕಡೆಯ ಬೇವೂರಿನವಳು. ಎರೆ ಹೊಲದಲ್ಲಿ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತ ಬೆಳೆದವಳು, ಹತ್ತಿ ಹಿಂಜುವ ಮನೆಗೆ ಸೊಸೆಯಾಗಿ ಬಂದಳು. ಅಂಗಡಿಯ ಬೆನ್ನಿಗೇ ನಮ್ಮ ಮನೆ, ಮನೆಯ ಬೆನ್ನಿಗೆ ಹಿತ್ತಲು. ಹಿತ್ತಲ ತುದಿಗೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ಕೆಂಪು ಬಂಡೆಯ ಕಟ್ಟೆ. ಬಿಚ್ಚಿದ ಗಾದಿಯ ಅರಳೆಯನ್ನು ನಾವು ಹಿತ್ತಲಲ್ಲೇ ಬಿಸಿಲಿಗೆ ಹರವುತ್ತೇವೆ. ಅವ್ವ ಕಟ್ಟೆಯ ಮೇಲೆ ಕೂತು ಬೆತ್ತದಿಂದ ಅದನ್ನು ಬಡಿಯುತ್ತಾಳೆ, ಗಂಟು ಬಿಡಿಸುತ್ತಾಳೆ, ಕಸ ಆರಿಸುತ್ತಾಳೆ. ನಾನು ಹುಟ್ಟುವ ಮೊದಲಿನಿಂದ ಅದು ಅವಳ ಜಾಗ. ಬೇರೆ ಯಾರಾದರೂ ಕೂತರೆ, "ಏಳ್ರಿ, ಅದು ನನ್ನ ಕುರ್ಚಿ," ಎನ್ನುತ್ತಿದ್ದಳು.

ಹೋದ ವರ್ಷ ಮದುವೆ ಹಂಗಾಮಿನಲ್ಲಿ, ಒಂದು ಮಧ್ಯಾಹ್ನ, ನಿದ್ದೆಯಿಂದ ಎದ್ದು ಬಂದವಳು ಪಡಸಾಲೆಯಲ್ಲಿ ಬಿದ್ದಳು. ಗಾದಿಯ ಮೇಲುಹೊದಿಕೆಗೆಂದು ಕತ್ತರಿಸಿಟ್ಟ ಸಾಟಿನ್ ಬಟ್ಟೆ ಬಂಡೆಯ ನೆಲದ ಮೇಲೆ ಜಾರಿತ್ತು. ಅದರ ಮೇಲೆ ಕಾಲಿಟ್ಟಳು. ದೊಡ್ಡ ಸದ್ದೇನೂ ಆಗಲಿಲ್ಲ. ನಾವು ಓಡಿ ಬಂದಾಗ ಆ ಗುಲಾಬಿ ಬಟ್ಟೆಯ ಮೇಲೆ ಮಲಗಿದ್ದಳು, ಯಾರೋ ಹಾಸಿ ಮಲಗಿಸಿದ ಹಾಗೆ.

"ಕಾಲ ನನ್ನ ಮಾತ ಕೇಳವಲ್ದಲ್ಲೋ ಯಪ್ಪಾ," ಎಂದಳು. ಅಷ್ಟೇ.

ತೊಡೆಯ ಎಲುಬು ಟೊಂಕಕ್ಕೆ ಸೇರುವಲ್ಲಿ ಮುರಿದಿತ್ತು. ಕೊಪ್ಪಳದ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು, ರಾಡು ಹಾಕಿ ತಿರುಪು ಬಿಗಿದರು. ಮರುದಿನವೇ ಅವಳನ್ನು ಎಬ್ಬಿಸಿ ವಾಕರ್ ಹಿಡಿಸಿ ನಿಲ್ಲಿಸಿದರು. ಅವ್ವ ಹಲ್ಲು ಕಚ್ಚಿ ನಿಂತಳು. ಅಲ್ಲಿದ್ದ ಡಾಕ್ಟರಮ್ಮ, ನಮ್ಮ ಕಡೆಯ ಹುಡುಗಿಯೇ, ಕೇಳಿದಳು:

"ಅಜ್ಜಿ, ಮನಿಗೆ ಹೋಗಿ ಎಲ್ಲೀತನ ನಡೀಬೇಕಂತೀರಿ?"

"ನಮ್ಮ ಹಿತ್ತಲ ಕಟ್ಟೀತನ ನಡದರ ಸಾಕವ್ವ. ಯಾರೂ ಹೊತ್ತು ಕುಂದ್ರಸಬಾರದು. ನನ್ನ ಕಾಲಲೇ ಹೋಗಿ ಕುಂದ್ರಬೇಕು. ಅಷ್ಟಾಗಲಿಲ್ಲಂದ್ರ ನಾ ಇದ್ದೇನು, ಗೋಡಿಗಿನ ಬಿಲ್ಲ ಇದ್ದೇನು."

ಡಾಕ್ಟರಮ್ಮನಿಗೆ ಬಿಲ್ಲಿನ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು.

ಮನೆಗೆ ಕರೆತರುವಾಗ, ದಿನಾ ನಡೆಸಿರಿ ಎಂದು ಆಸ್ಪತ್ರೆಯಲ್ಲಿ ಹೇಳಿಯೇ ಕಳಿಸಿದ್ದರು. ಕೇಳಿಸಿಕೊಂಡೆ. ಆದರೆ ನನ್ನ ತಲೆಯಲ್ಲಿ ಅಪ್ಪನ ಬಿಲ್ಲಿತ್ತು. ನಾನು ಸಣ್ಣವನಿದ್ದಾಗ ಅದು ಒಮ್ಮೆ ಸೀಳಿತ್ತು. ಅಪ್ಪ ಸರೇಸಿನ ಅಂಟು ಹಚ್ಚಿ, ತಂತಿ ಸುತ್ತಿ, ಹುರಿ ಇಳಿಸಿ, ಒಂದು ಮಳೆಗಾಲವಿಡೀ ಮೂಲೆಯಲ್ಲಿ ಮಲಗಿಸಿಟ್ಟ. "ಕೂಡೂತನ ಅದಕ್ಕ ಭಾರ ಹಾಕಬಾರದು," ಎಂದಿದ್ದ. ಅದು ಕೂಡಿತು, ಆಮೇಲೆ ಎಷ್ಟೋ ವರ್ಷ ದುಡಿಯಿತು. ಮುರಿದದ್ದಕ್ಕೆ ಭಾರ ಹಾಕಬಾರದು. ಇದು ನನ್ನ ಕಣ್ಣಾರೆ ಕಂಡ ವಿದ್ಯೆ.

ನನ್ನ ಹೆಂಡತಿಗೂ ಅವಳ ವಿದ್ಯೆಯಿತ್ತು. ನಮ್ಮ ಕಡೆ ಹೆಂಗಸು ಆಸ್ಪತ್ರೆಯಿಂದ ಹೊಲಿಗೆ ಹಾಕಿಸಿಕೊಂಡು ಬಂದಳೆಂದರೆ, ಹೆರಿಗೆಯಾಗಿರಲಿ, ಆಗದಿರಲಿ, ಅವಳಿಗೆ ಬಾಣಂತನವೇ. ಕೋಣೆಯ ಕಿಟಕಿಗೆ ಕೌದಿ ಕಟ್ಟಿದಳು. ಅವ್ವನ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಅರಳೆಯಿಟ್ಟಳು. ಗಾಳಿ ತಾಗಬಾರದು, ಬಿಸಿಲು ಬೀಳಬಾರದು, ಕಾಲು ತಂಪು ನೆಲಕ್ಕೆ ಸೋಕಬಾರದು. ಹಗಲಲ್ಲೂ ಆ ಕೋಣೆಯಲ್ಲಿ ಮುಸ್ಸಂಜೆ. ಲೋಬಾನದ ಹೊಗೆ ಮೂಲೆಯಿಂದ ಮೂಲೆಗೆ ನಿಧಾನವಾಗಿ ನಡೆಯುತ್ತಿತ್ತು. ಆ ಕೋಣೆಯಲ್ಲಿ ನಡೆಯುತ್ತಿದ್ದುದು ಅದೊಂದೇ.

"ಈ ವಯಸ್ಸಿನಾಗ ನನಗ ಬಾಣಂತನ ಮಾಡ್ತಿಯಲ್ಲೇ," ಅವ್ವ ನಕ್ಕಳು. "ಕೂಸ ಎಲ್ಲೈತಿ ತೋರ್ಸು."

"ನಿಮ್ಮ ಕೂಸು ಅಂಗಡ್ಯಾಗ ಗಾದಿ ಹೊಲ್ಯಾಕತ್ತೈತ್ರಿ ಅತ್ತಿ," ಎಂದಳು ಇವಳು. "ಮೀಸಿ ಬಂದಾವ ಅದಕ್ಕ."

ಹೌದು, ಹೊಲಿಯುತ್ತಿದ್ದೆ. ಊರಿಗೆಲ್ಲ ಗಾದಿ ಮಾಡಿದವನು ನಾನು, ಅವ್ವ ಮಾತ್ರ ಹಳೆಯ ಅರಳೆಯ ತೆಳ್ಳನೆಯ ಹಾಸಿಗೆಯಲ್ಲೇ ಮಲಗುತ್ತಿದ್ದಳು. ಈ ಸಲ ಉದ್ದ ಎಳೆಯ ಹೊಸ ಹತ್ತಿ ತರಿಸಿ ಎರಡು ಸಲ ಹಿಂಜಿದೆ. ಪದರದ ಮೇಲೆ ಪದರ ಹಾಕಿದೆ, ಬೆತ್ತದಿಂದ ಸಮ ಮಾಡಿದೆ, ಮೇಲಿಂದ ಕೆಳಗೆ ಅರಳೆಯನ್ನು ಹಿಡಿದಿಡುವ ಹೊಲಿಗೆಯ ಟಾಕು ಸಡಿಲ ಬಿಟ್ಟೆ. ಟಾಕು ಬಿಗಿಯಾದಷ್ಟೂ ಗಾದಿ ಗಟ್ಟಿ, ಸಡಿಲಾದಷ್ಟೂ ಮೆತ್ತಗೆ. ಕೊನೆಯ ಹೊಲಿಗೆ ಹಾಕಿ ದಬ್ಬಣ ಕೆಳಗಿಟ್ಟಾಗ ಅಂಗೈಯಿಂದ ಒತ್ತಿ ನೋಡಿದೆ. ಮೊಣಕೈಯವರೆಗೂ ಕೈ ಹೋಯಿತು, ನೀರಿಗೆ ಹೋದ ಹಾಗೆ. ಅಂಥ ಗಾದಿಯನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಆ ಗಾದಿಯಲ್ಲಿ ಕೊರತೆಯಿರಲಿಲ್ಲ, ಇವತ್ತಿಗೂ ಹೇಳುತ್ತೇನೆ.

ಅವ್ವನನ್ನು ಅದರ ಮೇಲೆ ಮಲಗಿಸಿದೆವು. ಅವಳು ಇಳಿದಳು, ಇಳಿದಳು, ಎರಡೂ ಬದಿಯ ಅರಳೆ ಎದ್ದು ಅವಳ ಪಕ್ಕೆಗೆ ಬಂತು. ಮುಖ ಮಾತ್ರ ಮೇಲೆ.

"ಅಯ್ಯ, ಇದು ಗಾದಿಯೇನೋ, ಮುಗಲೇನೋ?" ಎಂದಳು.

ನನಗೆ ಬೇರೆ ಬಿರುದು ಬೇಕಿರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಒಂದೇ ಉದ್ದನೆಯ ಮಧ್ಯಾಹ್ನ ನೆನಪಾಗುತ್ತದೆ. ಅಂಗಡಿಯಲ್ಲಿ ಯಂತ್ರದ ಗುಂಯ್ ಎನ್ನುವ ಸದ್ದು, ಒಳಗೆ ಅವ್ವನ ಉಸಿರು. ತಟ್ಟೆಯಲ್ಲಿ ಅನ್ನ, ತಿಳಿ ಸಾರು, ಅಳವಿಯ ಪಾಯಸ. ಅದರಲ್ಲೂ ಅರ್ಧ ಹಾಗೇ ಉಳಿಯುತ್ತಿತ್ತು. ಎಚ್ಚರವಾದಾಗಲೆಲ್ಲ ಅವ್ವ ಕನಸು ಹೇಳುತ್ತಿದ್ದಳು. ಕನಸಿನಲ್ಲಿ ಯಾವಾಗಲೂ ಬೇವೂರಿನ ಹೊಲ. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ. ಅವಳಿಗೆ ಲಂಗ ತೊಡುವ ವಯಸ್ಸು.

"ಸಾಲಿನಾಗ ಹೊಂಟಿರ್ತೀನಿ ಯಪ್ಪಾ. ಆದ್ರ ಕಾಲ ನೆಲಕ್ಕ ಹತ್ತಂಗಿಲ್ಲ. ಗಿಡದ ತುದೀ ಮ್ಯಾಲೆ ತೇಲಕೋತ ಹೊಂಟಿರ್ತೀನಿ. ಭಾಳ ಹಗೂರ ಆಗೇನಿ."

"ಛಲೋ ಕನಸವ್ವ," ಎಂದೆ ನಾನು.

"ಛಲೋ ಏನ ಬಂತು? ಹತ್ತಿ ಬಿಡಸಾಕ ಬಗ್ಗಿದ್ರ ಕೈಗೆ ನಿಲುಕಂಗಿಲ್ಲ."

ಮತ್ತೆ ಡಾಕ್ಟರಮ್ಮನಿಗೆ ತೋರಿಸಲು ಕರೆದುಕೊಂಡು ಹೋಗುವ ದಿನ ಬಂತು. ಬಾಡಿಗೆಯ ಕಾರಿನಲ್ಲಿ ಕೊಪ್ಪಳಕ್ಕೆ ಹೊರಟೆವು. ದಾರಿಯ ದಾಳಿಂಬೆ ತೋಟಗಳ ಮೇಲೆ ಬಿಳಿಯ ಪರದೆ ಹೊದಿಸಿದ್ದರು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಅಷ್ಟು ದಿನದ ಮೇಲೆ ಬೆಳಕು ಕಂಡ ಕಣ್ಣು. "ಇಷ್ಟ ಅರಳಿ ಯಾರ ಹರವ್ಯಾರೋ?" ಎಂದಳು. ನಿದ್ದೆಗಣ್ಣೋ ಎಚ್ಚರವೋ ತಿಳಿಯಲಿಲ್ಲ.

ಡಾಕ್ಟರಮ್ಮ ನಿಲ್ಲಲು ಹೇಳಿದಳು. ಅವ್ವ ವಾಕರ್ ಹಿಡಿದು ಎದ್ದಳು, ನಾನು ತೋಳು ಹಿಡಿದಿದ್ದೆ. ಬಿಡಿರಿ ಎಂದಳು ಡಾಕ್ಟರಮ್ಮ. ಬಿಟ್ಟೆ. ಅವ್ವನ ಮೊಣಕಾಲು ಜೋಳದ ದಂಟಿನಂತೆ ಅಲುಗಿ ಬಾಗಿತು. ಮತ್ತೆ ಹಿಡಿದುಕೊಂಡೆ. ಆಪರೇಶನ್ ಆದ ಮರುದಿನ ಇದಕ್ಕಿಂತ ಚೆನ್ನಾಗಿ ನಿಂತಿದ್ದಳು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಎಲುಬು ಕೂಡಾಕತ್ತೈತಿ, ಎಕ್ಸ್‌ರೇ ಫೋಟೋದಾಗ ತ್ರಾಸಿಲ್ಲ," ಎಂದಳು ಡಾಕ್ಟರಮ್ಮ, ಅವ್ವನ ತೊಡೆಯನ್ನು ಕೈಯಿಂದ ಒತ್ತಿ ನೋಡುತ್ತ. "ಆದ್ರ ಈ ಖಂಡ ಎಲ್ಲಿ ಹೋತು ಅಜ್ಜಿ? ರಕ್ತ ತಗೊಂಡು ನೋಡೂಣು."

ರಕ್ತ ತೆಗೆದರು. ಕೆಲವು ಪರೀಕ್ಷೆಗೆ ದೊಡ್ಡ ಊರಿಗೆ ಕಳಿಸಬೇಕು, ಕೆಲವು ದಿನ ಬಿಟ್ಟು ಬರ್ರಿ ಎಂದರು. ಸಣ್ಣ ಸೀಸೆಯಲ್ಲಿ ಕಪ್ಪಗೆ ಕೂತ ಆ ರಕ್ತವನ್ನು ಅವ್ವ ನೋಡಿದಳು. "ಅದರಾಗ ನನ್ನ ಕಾಲ ಕಾಣತಾವೇನವ್ವ?" ಎಂದು ಕೇಳಿದಳು.

"ಕಾಣತಾವ ಅಜ್ಜಿ," ಎಂದಳು ಡಾಕ್ಟರಮ್ಮ. ನಗೆಚಾಟಿಕೆ ಎಂದುಕೊಂಡೆ ನಾನು.

ನಗೆಚಾಟಿಕೆಯಾಗಿರಲಿಲ್ಲ. ಫಲಿತಾಂಶ ಕೇಳಲು ಬಸ್ಸಿನಲ್ಲಿ ಒಬ್ಬನೇ ಹೋದೆ. ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದಳು.

"ನೋಡ್ರಿ ಯಜಮಾನ್ರ, ಎಲುಬು ಅಂದ್ರ ಕಲ್ಲಲ್ಲ. ದಿನಾ ಒಂದೀಟು ಒಡೀತೈತಿ, ಒಂದೀಟು ಕಟ್ಟತೈತಿ. ಒಡದದ್ದರ ಚೂರೂ ರಕ್ತದಾಗ ಬೀಳತಾವ, ಕಟ್ಟಾಕತ್ತದ್ದರ ಗುರುತೂ ಬೀಳತೈತಿ. ಆಪರೇಶನ್ ಆದ ಮ್ಯಾಲೆ ಎರಡೂ ಏರಬೇಕು. ಅಜ್ಜೀದು ಒಡಿಯೂದಷ್ಟ ಏರೇತಿ. ಕಟ್ಟೂದು ಕುಂತಲ್ಲೇ ಕುಂತೈತಿ."

"ಖಂಡ್ರಿ?"

"ಅದೂ ಕರಗೇತಿ. ರಕ್ತದಾಗಿನ ಪ್ರೋಟೀನು ಕಮ್ಮಿ. ಖಂಡ ಇದ್ದಷ್ಟು ರಕ್ತಕ್ಕ ಬರೂ ಪದಾರ್ಥ ಒಂದೈತಿ, ಅದೂ ಕಮ್ಮಿ. ವಿಟಮಿನ್ ಡಿ ಅಂತೂ ತಳಾ ಹಿಡದೈತಿ. ಅವರಿಗೆ ಬಿಸಲ ತೋರಸೀರೋ ಇಲ್ಲೋ?"

ಬಂಡೆ ಸೀಳುವ ಬಿಸಿಲಿನ ಊರು ನಮ್ಮದು. ಅಲ್ಲಿಂದ ಬಂದವನನ್ನು ಈ ಪ್ರಶ್ನೆ ಕೇಳಿದಳು. ಕಿಟಕಿಗೆ ಕಟ್ಟಿದ ಕೌದಿ ಕಣ್ಣಿಗೆ ಬಂತು.

"ಹೆಂಗ ಮಲಗಸೀರಿ ಅವರನ್ನ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹತ್ತಿ ಎಲ್ಲಿಯದು, ಎಷ್ಟು ಸಲ ಹಿಂಜಿದೆ, ಟಾಕು ಹೇಗೆ ಬಿಟ್ಟೆ, ಕೈ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು.

"ಭಾಳ ಛಲೋ ಗಾದಿ ಅಂತ ಕಾಣತೈತಿ."

"ಹೌದ್ರಿ."

"ಅದರಾಗಿಂದ ಎದ್ದ ಬರಾಕ ನಿಮಗರ ಆಗತೈತೇನ್ರಿ?"

"ಏಳಲಿ ಅಂತ ಗಾದಿ ಯಾರ ಮಾಡ್ತಾರ್ರಿ ಮೇಡಂ?" ಎಂದೆ.

ಅವಳು ನಕ್ಕಳು, ಬೇಸರವಾಗದ ಹಾಗೆ. "ಅದೂ ಖರೇನ. ಆದ್ರ ಎಲುಬಿನ ಮ್ಯಾಲೆ ಮೈ ಭಾರ ಬಿದ್ರ ಅದಕ್ಕ ಗೊತ್ತಾಗತೈತಿ, ಈಕಿಗೆ ಇನ್ನೂ ನನ್ನ ಕೆಲಸ ಐತಿ ಅಂತ. ಭಾರ ಬೀಳಲಿಲ್ಲಂದ್ರ ಅದು ರಾಜೀನಾಮೆ ಕೊಡತೈತಿ. ಖಂಡಾನೂ ಅಷ್ಟ. ಕೆಲಸಿಲ್ಲದ ಮನ್ಯಾಗ ಯಾರ ಇರ್ತಾರ ಹೇಳ್ರಿ."

ಗುಳಿಗೆ, ಪುಡಿ ಬರೆದುಕೊಟ್ಟಳು. ತತ್ತಿ, ಹಾಲು, ಮೊಳಕೆ ಹೆಸರು ಎಂದಳು. ಬೆಳಗಿನ ಬಿಸಿಲು, ಕುರ್ಚಿ ಹಿಡಿದು ಕೂತು ಏಳುವುದು, ನಡೆಯುವುದು ಎಂದಳು. ಗಾದಿಯನ್ನು ತೆಗೆಯಿರಿ ಎಂದು ಕೊನೆಗೆ ಹೇಳಿದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಸಂಜೆಯ ಬೆಳಕು ಓರೆಯಾಗಿ ಬಸ್ಸಿನೊಳಗೆ ಬಿದ್ದಿತ್ತು. ಅದರಲ್ಲಿ ಧೂಳು ತೇಲುತ್ತಿತ್ತು. ಆ ಧೂಳನ್ನು ನೋಡುತ್ತ ನೋಡುತ್ತ ಡಾಕ್ಟರಮ್ಮನ ಮಾತು ನನ್ನೊಳಗೆ ಇಳಿಯಿತು. ಅಂಗಡಿಯ ಗಾಳಿಯನ್ನು ನೋಡಿ ಯಂತ್ರಕ್ಕೆ ಏನು ಹೋಗುತ್ತಿದೆ ಎಂದು ನಾನು ಹೇಳುವುದಿಲ್ಲವೇ? ಹಾಗೆಯೇ ಇವರು ರಕ್ತವನ್ನು ನೋಡುತ್ತಾರೆ. ಅವ್ವನ ಮೈಯೊಳಗೆ ಯಾವುದೋ ಯಂತ್ರ ಹಗಲೂ ರಾತ್ರಿ ತಿರುಗುತ್ತಿದೆ. ಅದರಿಂದ ಏಳುತ್ತಿರುವುದು ಮುರಿದ ಎಳೆ. ಬೂದಿಯ ಹಾಗೆ ಬೀಳುವ ಎಳೆ. ಬಿಲ್ಲು ಕೂಡಿತ್ತು, ನಿಜ. ಆದರೆ ಬಿಲ್ಲು ಮರ. ಮರ ಮಲಗಿದರೆ ಸವೆಯುವುದಿಲ್ಲ. ಮಲಗಿದಾಗ ಕೆಡುವುದು ಹುರಿ. ಯಂತ್ರ ಬಂದ ಮೇಲೆ ಗೋಡೆಯಲ್ಲೇ ಉಳಿದ ಆ ಕರುಳಿನ ಹುರಿ ಈಗ ಮುಟ್ಟಿದರೆ ಪುಡಿಯಾಗುತ್ತದೆ. ಅವ್ವ ಆಸ್ಪತ್ರೆಯಲ್ಲಿ ಅದನ್ನೇ ಹೇಳಿದ್ದಳಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಹೆಂಡತಿ ಆ ಕ್ಷಣವೇ ಕಿಟಕಿಯ ಕೌದಿ ಬಿಚ್ಚಿದಳು. ಬೆಳಕು ಗಾದಿಯ ಮೇಲೆ ಬಿತ್ತು.

"ಗಾದಿ?" ಎಂದಳು.

"ಗಾದಿ ಇರಲಿ. ನಾ ಎತ್ತಿ ನಿಲ್ಲಸ್ತೀನಿ," ಎಂದೆ.

ಕೆಲವು ದಿನ ಹಾಗೇ ನಡೆಯಿತು. ಬೆಳಗ್ಗೆ ಎತ್ತುತ್ತಿದ್ದೆ, ನಿಲ್ಲಿಸುತ್ತಿದ್ದೆ, ಬಿಸಿಲಿಗೆ ಕುರ್ಚಿಯಲ್ಲಿ ಕೂರಿಸುತ್ತಿದ್ದೆ, ಮತ್ತೆ ಎತ್ತಿ ಗಾದಿಯಲ್ಲಿ ಇಳಿಸುತ್ತಿದ್ದೆ. ನನ್ನ ತೋಳಿಗೆ ಅವಳು ಭಾರವೇ ಅಲ್ಲ. ಆದರೆ ಏಳುವ ಕೆಲಸವೆಲ್ಲ ನನ್ನ ತೋಳಿನದಾಯಿತು, ಅವಳ ಕಾಲಿನದಾಗಲಿಲ್ಲ. ಅದು ನನಗೆ ಹೊಳೆಯಲಿಲ್ಲ, ಅವ್ವನಿಗೆ ಹೊಳೆಯಿತು.

ಒಂದು ಮಧ್ಯಾಹ್ನ ಯಂತ್ರ ನಿಲ್ಲಿಸಿದಾಗ ಒಳಗಿನಿಂದ ನಗು ಕೇಳಿಸಿತು. ಹೋಗಿ ನೋಡಿದೆ. ಅವ್ವ ತಾನೇ ಏಳಲು ಹೊರಟಿದ್ದಳು. ಒಂದು ಮೊಣಕೈ ಊರಿದರೆ ಆ ಕಡೆ ಅರಳೆ ಇಳಿಯುತ್ತಿತ್ತು, ಇನ್ನೊಂದು ಊರಿದರೆ ಈ ಕಡೆ. ವಾಕರ್ ಒಂದು ಕೈಯಳತೆಯಲ್ಲೇ ನಿಂತಿತ್ತು, ಅಲ್ಲಿಗೂ ಮುಟ್ಟಲಾರಳು. ಹೊರಳಾಡಿ ಹೊರಳಾಡಿ ಸೋತು ಮಲಗಿ ನಗುತ್ತಿದ್ದಳು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

"ಹುದಲಿನಾಗ ಎಮ್ಮಿ ಸಿಕ್ಕಂಗ ಆಗೇತಿ ನನ್ನ ಬಾಳೇವು," ಎಂದಳು.

"ಕರೀಬೇಕಿಲ್ಲೇನವ್ವ? ಎತ್ತತಿದ್ದೆ."

"ನೀ ಎತ್ತತೀದಿ. ಎತ್ತಿ ಕಟ್ಟೀ ಮ್ಯಾಲೂ ಕುಂದ್ರಸ್ತೀದಿ. ಹಂಗ ಕುಂದ್ರಾಕ ನಾ ಏನ ಗಾದಿ ಗಂಟೇನ? ಕಾಲ ಎಲ್ಲದಾವಂತನ ಗೊತ್ತಾಗವಲ್ದು ಇದರಾಗ. ಉಚ್ಚ ಇದನ್ನ."

ಉಚ್ಚು ಎಂದರೆ ಹೊಲಿಗೆ ಬಿಚ್ಚು. ಬೇರೆಯವರ ಹೊಲಿಗೆಯನ್ನು ದಿನಾ ಬಿಚ್ಚುತ್ತೇನೆ. ನನ್ನ ಕೈಯ ಹೊಲಿಗೆ, ಅದೂ ಈ ಗಾದಿಯದು, ಬಿಚ್ಚಲು ಕೈ ಏಳಲಿಲ್ಲ.

"ಯವ್ವಾ, ಇಂಥಾ ಗಾದಿ ಮತ್ತ ಆಗೂದಿಲ್ಲ."

"ಗೊತ್ತೈತೋ ಹುಚ್ಚಪ್ಪ. ಆದ್ರ ನನಗ ಗಾದಿ ಬೇಕೋ, ಕಟ್ಟಿ ಬೇಕೋ? ಎರಡೂ ಕೊಡ್ತಿಯೇನು?"

ಇವಳು ಬ್ಲೇಡು ತಂದಳು. ನನಗೆ ಕೊಡಲಿಲ್ಲ, ಅವ್ವನಿಗೆ ಕೊಟ್ಟಳು. ಇಬ್ಬರೂ ಸೇರಿ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಗಾದಿಯ ಅಂಚನ್ನು ಅವಳ ತೊಡೆಯ ಮೇಲೆ ಎಳೆದುಕೊಟ್ಟೆವು. ಅವ್ವ ಒಂದೊಂದೇ ಹೊಲಿಗೆಗೆ ಬ್ಲೇಡು ತಾಗಿಸಿದಳು. ಅವಸರವಿಲ್ಲ. ನೂಲು ಕಡಿದಾಗ ಸಣ್ಣ ಸದ್ದು, ಹಿಂದೆಯೇ ಅರಳೆ ಉಸಿರು ಬಿಟ್ಟ ಹಾಗೆ ಉಬ್ಬಿ ಹೊರಗೆ ಬರುತ್ತಿತ್ತು. ಬಿಚ್ಚಿದ ಕಿಟಕಿಯ ಬೆಳಕಿನಲ್ಲಿ ಎಳೆಗಳು ಎದ್ದು ಕೋಣೆಯ ತುಂಬ ತೇಲಿದವು. ಅವ್ವನ ಬಿಳಿ ಕೂದಲ ಮೇಲೆ ಕೂತವು. ಯಾವುದು ಕೂದಲು, ಯಾವುದು ಅರಳೆ ತಿಳಿಯದಾಯಿತು.

"ಛಲೋ ಹಿಂಜೀದಿ," ಎಂದಳು, ಒಂದು ಎಳೆ ಹಿಡಿದು ನೋಡಿ. "ನಿಮ್ಮಪ್ಪನ ಕೈ ಬಂದೈತಿ ನಿನಗ."

ಬಿಚ್ಚಿಸಿಕೊಂಡವನಿಗೆ ಈ ಮಾತು ಬಿದ್ದರೆ ಏನು ಮಾಡಬೇಕು? ಅಂಗಡಿಗೆ ಹೋಗಿ ಯಂತ್ರ ಹಾಕಿದೆ. ಅದರ ಬಾಯಿಗೆ ಏನನ್ನೂ ಹಾಕಿರಲಿಲ್ಲ.

ಮರುದಿನ ಗಟ್ಟಿ ಗಾದಿ ಮಾಡಿದೆ. ತೆಂಗಿನ ನಾರಿನ ಹಲಗೆಯ ಮೇಲೆ ತೆಳ್ಳಗೆ ಅರಳೆ, ಟಾಕಿನ ಪಕ್ಕ ಟಾಕು, ಡೋಲಿನಂತೆ ಬಿಗಿ. ಮಂಚದ ಕಾಲಿಗೆ ಕಟ್ಟಿಗೆಯ ತುಂಡು ಕೊಟ್ಟು ಎತ್ತರಿಸಿದೆ, ಕೂತರೆ ಅವಳ ಪಾದ ಸರಿಯಾಗಿ ನೆಲಕ್ಕೆ ಮುಟ್ಟುವ ಹಾಗೆ. ಅದೂ ಕೆಲಸವೇ. ಮೆತ್ತಗಿನದಕ್ಕಿಂತ ಗಟ್ಟಿಯದನ್ನು ಸಮ ಮಾಡುವುದು ಕಷ್ಟ ಎಂದು ಆ ದಿನ ಕಲಿತೆ.

ಆಮೇಲೆ ದುಡಿದವಳು ಅವ್ವ. ಮಂಚದ ಅಂಚು ಒತ್ತಿ ಏಳುವುದು, ಕೂರುವುದು, ಮತ್ತೆ ಏಳುವುದು. ಬಿಗಿದ ತುಟಿಯ ಮೇಲೆ ಬೆವರು. ನಾನು ಕೈ ಚಾಚಿದರೆ ಇವಳು ನನ್ನ ಅಂಗಿ ಹಿಡಿದು ಎಳೆಯುತ್ತಿದ್ದಳು. ತತ್ತಿಯ ತಕರಾರು ಬೇರೆ.

"ಮುದುಕಿಗೆ ದಿನಾ ತತ್ತಿ ತಿನಸ್ತೀರಲ್ಲ, ಏನ ಕುಸ್ತಿಗೆ ಕಳಸ್ತೀರೇನು?"

"ಹಿತ್ತಲಕ್ಕ ಕಳಸ್ತೀವ್ರಿ ಅತ್ತಿ. ತಿನ್ರಿ," ಎನ್ನುತ್ತಿದ್ದಳು ಇವಳು.

ಬಂಡೆಯ ನೆಲದ ಮೇಲೆ ವಾಕರಿನ ಸದ್ದು ಟಕ್ಕ್ ಎಂದು ಬಿದ್ದು, ನಿಂತು, ಮತ್ತೆ ಬೀಳುತ್ತಿತ್ತು. ಅಂಗಡಿಯಲ್ಲಿ ಕೂತೇ ಕೇಳುತ್ತಿದ್ದೆ. ಎರಡು ಸದ್ದಿನ ನಡುವೆ ತಡವಾದರೆ ದಬ್ಬಣ ಹಿಡಿದ ನನ್ನ ಕೈಯೂ ತಡೆಯುತ್ತಿತ್ತು. ಪಡಸಾಲೆಯವರೆಗೆ ಬಂದಳು. ಅಡುಗೆ ಮನೆಯವರೆಗೆ ಬಂದಳು. ಹಿತ್ತಲ ಬಾಗಿಲಿನ ಹೊಸ್ತಿಲಿಗೆ ಬಂದು ನಿಂತುಬಿಟ್ಟಳು. ನಮ್ಮದು ಹಳೆಯ ಮನೆ, ಹೊಸ್ತಿಲು ಎತ್ತರ. ಒಂದು ಕಾಲು ಎತ್ತಿದರೆ ಇನ್ನೊಂದು ನಡುಗುತ್ತಿತ್ತು. ಅಲ್ಲಿಂದ ಕಟ್ಟೆ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿ, ವಾಕರ್ ತಿರುಗಿಸಿಕೊಂಡು ಒಳಗೆ ಬರುತ್ತಿದ್ದಳು. ಹೊಸ್ತಿಲು ಕೀಳಿಸಿಬಿಡುತ್ತೇನೆ ಎಂದೆ. "ಇನ್ನೂ ಏನೇನ ಉಚ್ಚಾಂವಿದ್ದೀ? ಸುಮ್ಮನಿರು," ಎಂದಳು.

ಮತ್ತೆ ಕೊಪ್ಪಳ, ಮತ್ತೆ ರಕ್ತ. ಈ ಸಲ ಫಲಿತಾಂಶ ಕೇಳಲು ಅವ್ವ ತಾನೂ ಬಂದಳು.

"ಅಜ್ಜಿ, ಕಟ್ಟೂದು ಶುರುವಾಗೇತಿ," ಎಂದಳು ಡಾಕ್ಟರಮ್ಮ. "ಒಡಿಯೂದು ಇಳದೈತಿ. ಪ್ರೋಟೀನು ಏರೇತಿ."

"ಎಲ್ಲಿ ಶುರುವಾಗೇತವ್ವ? ಹೊಸ್ತಲ ದಾಟಾಕ ಆಗವಲ್ದು ನನಗ."

"ರಕ್ತದಾಗ ಮೊದಲ ಕಾಣತೈತ್ರಿ, ಕಾಲಿಗೆ ಆಮ್ಯಾಲೆ ಬರತೈತಿ. ಆದ್ರ ರಕ್ತ ನೋಡಿ ನೀವು ದಾಟೇ ದಾಟ್ತೀರಂತ ನಾ ಹೇಳಾಂಗಿಲ್ಲ. ಎಷ್ಟೋ ಮಂದಿಗೆ ಇಲ್ಲೀತನ ಬಂದು ನಿಂತಬಿಡತೈತಿ. ನೀವು ಬಿಡಬ್ಯಾಡ್ರಿ."

ಸುಳ್ಳು ಧೈರ್ಯ ಹೇಳಲಿಲ್ಲ. ಆ ಕಾರಣಕ್ಕೇ ಅವಳ ಮೇಲೆ ನನಗೆ ನಂಬಿಕೆ ಬಂತು. ವಾಪಸ್ಸು ಬರುವಾಗ ಅವ್ವ ತನ್ನ ಕೈಯ ಮೇಲೆ ಉಬ್ಬಿದ ನೀಲಿ ನರವನ್ನು ಬೆರಳಿನಿಂದ ಸವರಿಕೊಳ್ಳುತ್ತಿದ್ದಳು. ಒಳಗೆ ಏನು ಹೊರಟಿದೆ ಎಂದು ಕೇಳುವವಳ ಹಾಗೆ.

ಬಿಚ್ಚಿದ ಆ ಅರಳೆಯನ್ನು ಚೀಲ ಕಟ್ಟಿ ಇಟ್ಟಿದ್ದೆ. ಗಂಗಾವತಿಯ ಹತ್ತಿರದ ಮರಳಿಯಿಂದ ಮದುವೆಯ ಗಾದಿಗೆ ಹೇಳಿಕಳಿಸಿದರು. ಬತ್ತ ಬೆಳೆಯುವ ಮನೆಯವರು, ಮೆತ್ತಗಿನದೇ ಬೇಕು ಎಂದರು. ಆ ಅರಳೆಯನ್ನೇ ಕೊಡಲೇ ಎಂದು ಅವ್ವನನ್ನು ಕೇಳಿದೆ.

"ಕೊಡು. ಹೊಸಾ ಮದುಮಕ್ಕಳು ಏಳಾಕ ಅವಸರ ಮಾಡಂಗಿಲ್ಲ," ಎಂದಳು. ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಮರುದಿನ ಬೆಳಗ್ಗೆ ಆ ಅರಳೆಯನ್ನು ಹಿತ್ತಲಲ್ಲಿ ಹರವುತ್ತಿದ್ದೆ. ಅವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಮುಖ ಬೇರೆ ಥರ ಇತ್ತು.

"ಇವತ್ತ ಕನಸಿನಾಗ ಕೂಳಿ ಚುಚ್ಚಿತೋ," ಎಂದಳು. ಕೂಳೆ ಎಂದರೆ ಕಟಾವಾದ ಬೆಳೆಯ ಮೋಟು. "ಅದ ಹೊಲ, ಅದ ಸಾಲು. ಹೊಂಟಿದ್ದೆ. ಚಕ್ಕಂತ ಅಂಗಾಲಿಗೆ ಚುಚ್ಚಿತು. ಎಷ್ಟ ಉರೀತಂದಿ! ಎಚ್ಚರಾದ ಮ್ಯಾಲೂ ಅಂಗಾಲ ನೋಡಕೊಂಡೆ."

"ರಕ್ತ ಬಂದಿತ್ತೇನವ್ವ?"

"ನಗಬ್ಯಾಡ. ಕಾಲ ನೆಲಕ್ಕ ಹತ್ತಿತ್ತಲ್ಲೋ."

ಹೀಗೆಂದು ವಾಕರನ್ನು ಎತ್ತಿ ಹೊಸ್ತಿಲ ಆಚೆಗಿಟ್ಟಳು. ನಾನು ಅರಳೆಯ ನಡುವೆ ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ಬಾಗಿಲ ಹಿಂದೆ ಇವಳ ಬಳೆಯ ಸದ್ದಾಯಿತು, ನಿಂತಿತು. ಅವ್ವ ಆಪರೇಶನ್ ಆದ ಕಾಲನ್ನು ಮೊದಲು ಎತ್ತಿದಳು. ಅದು ಹೊಸ್ತಿಲ ಮೇಲೆ ಒಂದು ಗಳಿಗೆ ತೇಲಿತು, ಆ ಕನಸುಗಳ ಹಾಗೆ. ಆಮೇಲೆ ಇಳಿಯಿತು. ಪಾದ ಮಣ್ಣಿಗೆ ಕೂತಿತು. ಭಾರ ಬಿದ್ದದ್ದು ನಾನಿದ್ದಲ್ಲಿಂದಲೇ ಕಂಡಿತು. ಇನ್ನೊಂದು ಕಾಲು ಅದರ ಹಿಂದೆ ಬಂತು.

ಹಿತ್ತಲೆಲ್ಲ ಬೆಳ್ಳಗಿತ್ತು. ನಾನು ಅರಳೆಯನ್ನು ಎರಡು ಕಡೆ ಸರಿಸಿ ದಾರಿ ಬಿಟ್ಟೆ, ಅಷ್ಟೇ ನನ್ನ ಕೆಲಸ. ಆ ಸಾಲಿನಲ್ಲಿ ಅವ್ವ ಬಂದಳು. ವಾಕರಿನ ಕಾಲು ಮಣ್ಣಿನಲ್ಲಿ ಸದ್ದು ಮಾಡುವುದಿಲ್ಲ. ಅವಳ ಉಸ್ಸೆನ್ನುವ ಉಸಿರು ಮಾತ್ರ ಕೇಳಿಸುತ್ತಿತ್ತು. ನಡುವೆ ನಿಂತಳು. ನಾನು ನೋಡಲಿಲ್ಲ, ನೋಡಿದರೆ ಕೈ ಹೋಗುತ್ತದೆ ಎಂದು ಬೇವಿನ ಗಿಡವನ್ನು ನೋಡಿದೆ. ಮತ್ತೆ ಉಸಿರು ಹೊರಟಿತು. ಕಟ್ಟೆಗೆ ಬೆನ್ನು ತಿರುಗಿಸಿ, ಹಿಂದಕ್ಕೆ ಕೈಚಾಚಿ ಬಂಡೆಯನ್ನು ಮುಟ್ಟಿ, ನಿಧಾನವಾಗಿ ಕೂತಳು.

ಬೆತ್ತ ಅವಳ ಕೈಗೆ ಸಿಗುವಲ್ಲೇ ಗಿಡಕ್ಕೆ ಒರಗಿತ್ತು. ತೆಗೆದುಕೊಂಡು ಅರಳೆಗೆ ಒಂದೇಟು ಹಾಕಿದಳು. ಕೈಯಲ್ಲಿ ಮೊದಲಿನ ಕಸುವಿರಲಿಲ್ಲ. ಆದರೂ ಎಳೆ ಎದ್ದಿತು. ಉದ್ದ ಎಳೆ. ಬಿಸಿಲಿನಲ್ಲಿ ಮೇಲೇರಿತು, ತಿರುಗಿತು, ಇಳಿಯುವ ಮನಸ್ಸಿಲ್ಲದೆ ಬೇವಿನ ಎಲೆಗಳವರೆಗೂ ಹೋಯಿತು.

ಅವ್ವ ವಾಕರ್ ಬಿಟ್ಟು ನಡೆದದ್ದಿಲ್ಲ, ಇವತ್ತಿಗೂ ಇಲ್ಲ. ಆ ಕಾಲು ಸ್ವಲ್ಪ ಎಳೆಯುತ್ತದೆ. ಆದರೆ ಹೊತ್ತು ಕೂರಿಸಿದವರಿಲ್ಲ.

ಆ ದಿನ ಬಂಡೆ ಆಗಲೇ ಕಾದಿತ್ತು. ಅವ್ವ ಸೀರೆಯ ಮೇಲಿಂದಲೇ ಅದನ್ನು ತಟ್ಟಿ ನೋಡಿ, "ಕಟ್ಟಿ ಸುಡಾಕತ್ತೈತಲ್ಲೋ," ಎಂದಳು.

"ಏನರ ಮೆತ್ತಗಿಂದು ಹಾಸಲೇನವ್ವ?" ಎಂದೆ. ಬಾಯಿಗೆ ಬಂದುಬಿಟ್ಟಿತು.

ಅವ್ವ ಬೆತ್ತ ಎತ್ತಿದಳು. "ನೀ ಏನೂ ಹಾಸಬ್ಯಾಡ!"